ಕಾಂಟೆಸ್ಸಾದ ಬಾನೆಟ್ಟಿನಡಿ

ಕಾಂಟೆಸ್ಸಾದ ಬಾನೆಟ್ ಎತ್ತಿದರೆ ಎಂಜಿನ್ನಿಗಿಂತ ಮೊದಲು ಕಣ್ಣಿಗೆ ಬೀಳುವುದು ಅದರ ಸುತ್ತಲಿನ ಖಾಲಿ ಜಾಗ. ಈಗಿನ ಕಾರುಗಳಲ್ಲಿ ಹತ್ತನೇ ನಂಬರ್ ಸ್ಪ್ಯಾನರ್ ಒಳಗೆ ಜಾರಿದರೆ ಅದಕ್ಕೆ ಎಳ್ಳುನೀರು ಬಿಟ್ಟ ಹಾಗೆಯೇ. ಇಲ್ಲಿ ಬಿದ್ದದ್ದು ಠಣ್ಣೆಂದು ನೇರ ನೆಲ ಸೇರುತ್ತದೆ, ಬಗ್ಗಿ ಎತ್ತಿಕೊಂಡರಾಯಿತು. ರೇಡಿಯೇಟರಿಗೂ ಎಂಜಿನ್ನಿಗೂ ನಡುವೆ ತೋಳು ಇಳಿಸಿ, ಫ್ಯಾನ್ ಬೆಲ್ಟಿನ ಬಿಗಿ ನೋಡಿ ಮೇಲೆತ್ತಿದರೆ ಬೆರಳ ಗೆಣ್ಣು ತರಚಿರುವುದಿಲ್ಲ. ಮೆಕ್ಯಾನಿಕ್ಕುಗಳು ಈ ಕಾರನ್ನು ಮೆಚ್ಚಲು ಇಷ್ಟೇ ಸಾಕು. ಹಳೆಯ ಕಾರಿನ ಮೋಹಕ್ಕೆ ಬಿದ್ದವರಿಗೆ ಮಾತ್ರ ಇದೇ ಜಾಗ ನಿದ್ದೆ ಕೆಡಿಸುತ್ತದೆ. ಅಲ್ಲಿ ಇನ್ನೂ ಏನೋ ಹಿಡಿಸುತ್ತದಲ್ಲ! ಇರುವ ಎಂಜಿನ್ನಿನ ಪಕ್ಕಕ್ಕೆ ಒಂದು ಟರ್ಬೊ ತೂಗಿಬಿಡೋಣವೇ, ಅಥವಾ ಇದನ್ನು ಇಳಿಸಿ ದೊಡ್ಡದೊಂದನ್ನು ಕೂರಿಸೋಣವೇ?

ಹಳೆ ಕಾರಿನವರು ಸೇರಿದ ಕಡೆಯೆಲ್ಲ ಈ ಚರ್ಚೆ ನಡೆಯುತ್ತದೆ, ಮತ್ತು ಬಹುಮಟ್ಟಿಗೆ ಲೆಕ್ಕದಲ್ಲೇ ಮುಗಿಯುತ್ತದೆ. ಎಷ್ಟು ದುಡ್ಡಿಗೆ ಎಷ್ಟು ಅಶ್ವಶಕ್ತಿ, ಶಕ್ತಿ ಅಳೆಯುವ ಡೈನೋ ಯಂತ್ರ ಏನು ಹೇಳಿತು, ಯಾರ ಕಾರು ಯಾರದನ್ನು ಹಿಂದೆ ಹಾಕಿತು. ಲೆಕ್ಕ ಬೇಡವೆಂದಲ್ಲ. ಆದರೆ ಶಕ್ತಿಗೆ ಅಳತೆ ಇರುವಂತೆ ರುಚಿಯೂ ಇದೆ. ನೂರೈವತ್ತು ಅಶ್ವಶಕ್ತಿ ಒಂದು ದಾರಿಯಿಂದ ಬಂದರೆ ಬಲಗಾಲಿನ ಹೆಬ್ಬೆರಳಿಗೆ ತಿಳಿಯುವುದೇ ಬೇರೆ, ಇನ್ನೊಂದು ದಾರಿಯಿಂದ ಬಂದರೆ ತಿಳಿಯುವುದೇ ಬೇರೆ. ಕಾರು ಹಳೆಯದಾದಷ್ಟೂ ಈ ವ್ಯತ್ಯಾಸ ಎದ್ದು ಕಾಣುತ್ತದೆ, ಏಕೆಂದರೆ ಮುಚ್ಚಿಡಲು ಅದರಲ್ಲಿ ಕಂಪ್ಯೂಟರಿಲ್ಲ.

ಆ ಖಾಲಿ ಜಾಗಕ್ಕೆ ಕಾರಣ ಕಾರಿನ ಜಾತಕದಲ್ಲೇ ಇದೆ. 1984ರಲ್ಲಿ ಹಿಂದುಸ್ತಾನ್ ಮೋಟರ್ಸ್ ಪಶ್ಚಿಮ ಬಂಗಾಳದ ಉತ್ತರಪಾರಾದಿಂದ ಹೊರಬಿಟ್ಟ ಕಾಂಟೆಸ್ಸಾ, ಮೂಲದಲ್ಲಿ ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿಯ ವಿಕ್ಟರ್ ಎಫ್‌ಇ. ಅಲ್ಲಿ ಅದು 1972ರಲ್ಲೇ ರಸ್ತೆಗಿಳಿದಿತ್ತು. ಅಲ್ಲಿ ಇದೇ ಮೈಯೊಳಗೆ, ವೆಂಟೋರಾ ಎಂಬ ಹೆಸರಿನಲ್ಲಿ, 3.3 ಲೀಟರಿನ ಆರು ಸಿಲಿಂಡರ್ ಎಂಜಿನ್ ಕೂರುತ್ತಿತ್ತು. ಆರೂ ಒಂದೇ ಸಾಲಿನಲ್ಲಿ. ಬಾನೆಟ್ ಅಷ್ಟುದ್ದ ಇರುವುದು ಬರೀ ಶೋಕಿಗಲ್ಲ. ನಮ್ಮಲ್ಲಿಗೆ ಬಂದಾಗ ಆ ಜಾಗಕ್ಕೆ ಸಿಕ್ಕಿದ್ದು ಅಂಬಾಸಿಡರಿನ 1489 ಸಿಸಿ ಎಂಜಿನ್. ಟನ್ನಿಗಿಂತ ಹೆಚ್ಚು ತೂಗುವ ಕಾರಿಗೆ ಐವತ್ತರ ಆಸುಪಾಸಿನ ಅಶ್ವಶಕ್ತಿ. ಪೋರ್ಟಿಕೋದಲ್ಲಿ ನಿಂತಾಗ ಇದ್ದ ಗತ್ತು ಹೊರಟಾಗ ಇರುತ್ತಿರಲಿಲ್ಲ.

ಹಾಗೆಂದು ಆ ಎಂಜಿನ್ನನ್ನು ತೆಗಳಲು ನನಗೆ ಮನಸ್ಸಿಲ್ಲ. ಬಿಎಂಸಿ ಬಿ-ಸೀರೀಸ್ ಎಂಬ ಈ ಬ್ರಿಟಿಷ್ ಮನೆತನದ್ದೆಲ್ಲ ಎರಕದ ಕಬ್ಬಿಣ: ಬ್ಲಾಕೂ ಅದೇ, ಹೆಡ್ಡೂ ಅದೇ. ಕ್ಯಾಮ್ ಶಾಫ್ಟ್ ಕೆಳಗೆ ಬ್ಲಾಕಿನಲ್ಲಿ; ಅಲ್ಲಿಂದ ಪುಶ್‌ರಾಡುಗಳು ಮೇಲೇರಿ ರಾಕರ್ ತಳ್ಳಿ ವಾಲ್ವ್ ತೆರೆಯಬೇಕು. ಐಡಲಿಂಗಿನಲ್ಲಿ ಟ್ಯಾಪೆಟ್ಟಿನ ಸದ್ದು ಕೇಳಿಯೇ ಕ್ಲಿಯರೆನ್ಸ್ ಹೇಳುವ ಮೇಸ್ತ್ರಿಗಳು ಈಗಲೂ ಇದ್ದಾರೆ. ಫೀಲರ್ ಗೇಜು ಅವರಿಗೆ ಗಿರಾಕಿಯ ಸಮಾಧಾನಕ್ಕೆ ಮಾತ್ರ. ನಾಲ್ಕು ಸಿಲಿಂಡರಿಗೆ ಗಾಳಿ ಹೋಗುವುದು ಎರಡೇ ಬಾಯಿಯಿಂದ. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಂದು ಬಾಯಿ ಹಂಚಿಕೊಳ್ಳುತ್ತವೆ, ಒಂದರ ಪಾಲಿಗೆ ಇನ್ನೊಂದು ಕೈ ಹಾಕುತ್ತದೆ. ಆರ್‌ಪಿಎಂ ಏರಿದಂತೆ ಉಸಿರು ಕಟ್ಟುವುದು ಇದಕ್ಕೇ. ಕೆಳಗಡೆ ಮಾತ್ರ ಇದರದು ಚಿನ್ನದಂಥ ಸ್ವಭಾವ. ಊರೊಳಗೆ ಎತ್ತಿನ ಗಾಡಿಯ ಹಿಂದೆ ಟಾಪ್ ಗೇರಿನಲ್ಲೇ ತೆವಳಿ, ದಾರಿ ಸಿಕ್ಕಿದ ಕೂಡಲೇ ಅದೇ ಗೇರಿನಲ್ಲಿ ಗೊಣಗದೆ ಎಳೆದುಕೊಂಡು ಹೋಗುತ್ತದೆ. ಗೇರ್ ಹಾಕಲು ಸೋಮಾರಿಗಳಾದವರಿಗೆ ಹೇಳಿ ಮಾಡಿಸಿದ್ದು.

ಕಂಪನಿಗೂ ಇದು ಸಾಲದೆಂದು ಬೇಗ ತಿಳಿಯಿತು. ಕೆಲವೇ ವರ್ಷಗಳಲ್ಲಿ ಕಾಂಟೆಸ್ಸಾ ಕ್ಲಾಸಿಕ್‌ಗೆ ಜಪಾನಿನ ಇಸುಝು ಕಂಪನಿಯ 1817 ಸಿಸಿ ಎಂಜಿನ್ ಬಂತು. ಜೊತೆಗೆ ಐದು ಗೇರಿನ ಪೆಟ್ಟಿಗೆ, ಸುಮಾರು 85 ಅಶ್ವಶಕ್ತಿ. ಎಂಜಿನ್ ಸ್ವಾಪ್ ಎಂದು ಇವತ್ತು ಹುಡುಗರು ಮೀಸೆ ತಿರುವುವ ಕೆಲಸವನ್ನು ಕಾರ್ಖಾನೆಯೇ ಮಾಡಿ ಮಾರಿತ್ತು. ತೊಂಬತ್ತರ ದಶಕದಲ್ಲಿ ಅದೇ ಎಂಜಿನ್ ಅಂಬಾಸಿಡರಿಗೂ ಇಳಿಯಿತು. ಕಾಂಟೆಸ್ಸಾಗೆ ಇಸುಝುವಿನ ಡೀಸೆಲ್ ಬಂತು, ಆಮೇಲೆ ಆ ಡೀಸೆಲ್ಲಿಗೆ ಟರ್ಬೊ ಕೂಡ. ಅಂದರೆ ನಾವು ಇವತ್ತು ತೂಗಿ ನೋಡುತ್ತಿರುವ ಎರಡು ದಾರಿಗಳನ್ನೂ ಈ ಕಾರು ಒಂದೊಂದು ಸಲ ನಡೆದು ಬಂದಿದೆ.

ಈ ಇಸುಝು ಎಂಜಿನ್ನಿನ ಬಗ್ಗೆ ಒಂದು ಮಾತು ಹೆಚ್ಚಾಗಿಯೇ ಹೇಳಬೇಕು. ಬೋರ್ 84 ಮಿಲಿಮೀಟರ್, ಸ್ಟ್ರೋಕ್ 82, ಹೆಚ್ಚುಕಡಿಮೆ ಚೌಕ. ಕ್ಯಾಮ್ ಶಾಫ್ಟ್ ಹೆಡ್ಡಿನ ಮೇಲೆ. ಬಿ-ಸೀರೀಸಿನಿಂದ ಇದಕ್ಕೆ ಬಂದವರಿಗೆ ಮೊದಲು ಗೊತ್ತಾಗುವುದು ಮೂರು ಸಾವಿರ ದಾಟಿದ ಮೇಲಿನ ನಿರಾಳ: ಮೊದಲಿನದು ಸಾಕಪ್ಪಾ ಎನ್ನುತ್ತಿದ್ದ ಕಡೆ ಇದು ಇನ್ನೂ ಏರಲು ಸಿದ್ಧ. ಸದ್ದು ಒಣದು, ಸ್ವಲ್ಪ ಲೋಹದ್ದು. ಕಾರಿನ ಸೋಫಾ ಸೀಟಿಗೂ ಈ ಚುರುಕಿಗೂ ಪೂರ್ತಿ ಹೊಂದುವುದಿಲ್ಲ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಆದರೂ ಒಳ್ಳೆಯ ಎಂಜಿನ್. 4ಝಡ್‌ಬಿ1 ಎಂಬ ಇದಕ್ಕೆ 4ಝಡ್‌ಸಿ1 ಎಂಬ ಅಣ್ಣ ಇದ್ದಾನೆ. ಸ್ಟ್ರೋಕ್ ಅದೇ 82, ಬೋರ್ ಮಾತ್ರ 88, ಒಟ್ಟು 1994 ಸಿಸಿ. ಜೋರ್ಜೆತ್ತೊ ಜುಜಾರೊ ರೂಪಿಸಿದ ಇಸುಝು ಪಿಯಾಝಾ ಕಾರಿನಲ್ಲಿ, 1984ರಲ್ಲಿ, ಈ ಅಣ್ಣನಿಗೆ ಟರ್ಬೊ ಹಾಕಿದರು. ಜಪಾನಿನ ಅಂದಿನ ಲೆಕ್ಕದಲ್ಲಿ 180 ಅಶ್ವಶಕ್ತಿ. ಅಮೆರಿಕಕ್ಕೆ ಹೋದ ಅದೇ ಕಾರಿಗೆ ಅಲ್ಲಿನವರು ಬರೆದದ್ದು 140. ಕಾಂಟೆಸ್ಸಾ ಹುಟ್ಟಿದ ವರ್ಷವೇ ಅದರ ಮುಂದಿನ ಎಂಜಿನ್ನಿನ ಅಣ್ಣ ಟರ್ಬೊ ಉಸಿರಾಡುತ್ತಿದ್ದ.

ಬಿ-ಸೀರೀಸಿನ ನೆಂಟರ ಕಥೆ ಇನ್ನೊಂದು ಕಡೆಗೆ ಹೋಗುತ್ತದೆ. ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರಿನಲ್ಲಿ ಇದೇ ಮನೆತನದ 1798 ಸಿಸಿ ಎಂಜಿನ್ ಇತ್ತು. ಕೆನ್ ಕಾಸ್ಟೆಲೊ ಎಂಬಾತ ಅದನ್ನು ಇಳಿಸಿ ರೋವರ್ ಕಂಪನಿಯ ಮೂರೂವರೆ ಲೀಟರಿನ ಅಲ್ಯೂಮಿನಿಯಂ ವಿ8 ಕೂರಿಸಿ ಮಾರತೊಡಗಿದ. 1973ರಲ್ಲಿ ಕಾರ್ಖಾನೆಯೇ ಅದನ್ನು ಅನುಸರಿಸಿತು. ಎಂಟು ಸಿಲಿಂಡರಿನ ಅಲ್ಯೂಮಿನಿಯಂ, ನಾಲ್ಕು ಸಿಲಿಂಡರಿನ ಕಬ್ಬಿಣಕ್ಕಿಂತ ಹೇಳಿಕೊಳ್ಳುವಷ್ಟು ಭಾರವಿರಲಿಲ್ಲ ಎಂಬುದು ಆ ಸ್ವಾಪಿನ ಸೊಗಸು. ಮೂತಿ ಭಾರವಾಗದೆ ಶಕ್ತಿ ಬಂತು. ಎಲ್ಲ ಸ್ವಾಪುಗಳಿಗೂ ಆ ಭಾಗ್ಯ ಇಲ್ಲ. 1964ರ ಸನ್‌ಬೀಮ್ ಟೈಗರ್‌ಗೆ ಫೋರ್ಡ್ ವಿ8 ಹಿಡಿಸಲು ಕಾರ್ಖಾನೆಯಲ್ಲಿ ಕೆಲಸಗಾರರು ಎಂಜಿನ್ನಿನ ಹಿಂದಿನ ತಗಡಿಗೆ ದೊಡ್ಡ ಸುತ್ತಿಗೆಯ ಏಟು ಹಾಕಬೇಕಿತ್ತು. ಹಿಂದಿನ ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಲು ಕಾರಿನ ಒಳಗಿನಿಂದ, ಕಾಲಿಡುವ ಕಡೆಯಿಂದ, ತೂತಿನ ಮುಚ್ಚಳ ತೆಗೆಯಬೇಕು. ನನಗೆ ಟೈಗರ್ ಇಷ್ಟ, ಆದರೆ ಆ ಪ್ಲಗ್ ಬಿಚ್ಚುವವನ ಮುಖ ನೆನೆದರೆ ಇಷ್ಟ ಸ್ವಲ್ಪ ಇಳಿಯುತ್ತದೆ.

ಈಗ ಟರ್ಬೊದ ರುಚಿಗೆ ಬರೋಣ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಇದರ ಮೂಲ ಕಲ್ಪನೆಗೆ ಪೇಟೆಂಟ್ ಪಡೆದಿದ್ದ. ಸುಟ್ಟ ಪೆಟ್ರೋಲಿನ ಶಾಖದಲ್ಲಿ ಮೂರರಲ್ಲೊಂದು ಪಾಲಿನಷ್ಟು ಸೈಲೆನ್ಸರಿನಿಂದ ಹೊರಗೆ ಹೋಗಿ ಹಾಳಾಗುತ್ತದೆ. ಆ ಹೊಗೆಯ ದಾರಿಗೆ ಒಂದು ಚಕ್ರ ಅಡ್ಡ ಇಟ್ಟರೆ ಅದು ತಿರುಗುತ್ತದೆ; ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುರುಕುತ್ತದೆ. ಅಂಗೈಯಲ್ಲಿ ಹಿಡಿಸುವ ಚಕ್ರ, ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುತ್ತದೆ, ಅದೂ ಎಂಜಿನ್ ಆಯಿಲಿನ ತೆಳುವಾದ ಪೊರೆಯ ಮೇಲೆ ತೇಲುತ್ತ. ಹಳೆ ಟರ್ಬೊ ಒಂದನ್ನು ಬಿಚ್ಚಿ ಆ ಅಲ್ಯೂಮಿನಿಯಂ ಎಸಳುಗಳನ್ನು ಬೆಳಕಿಗೆ ಹಿಡಿದು ನೋಡಬೇಕು. ಬುಡದಲ್ಲಿ ಗಾಳಿಯನ್ನು ಕಡಿದು, ಅಂಚಿಗೆ ಹೋಗುತ್ತ ಹೊರಳಿ, ಹೊರಕ್ಕೆ ಎಸೆಯುವ ಆ ತಿರುವು. ಒಂದೇ ಒಂದು ಗೆರೆಯೂ ಅಲ್ಲಿ ಅಂದಕ್ಕಾಗಿ ಬಂದದ್ದಲ್ಲ, ಎಲ್ಲವೂ ಅಂದವಾಗಿದೆ.

ರಸ್ತೆಯಲ್ಲಿ ಇದರ ಸೊಗಸು ಕಾಯಿಸುವುದರಲ್ಲಿದೆ. ಕಾಲು ಒತ್ತುತ್ತೀರಿ, ಏನೂ ಆಗುವುದಿಲ್ಲ. ಎಂಜಿನ್ ಹಳೆಯದೇ. ಆಮೇಲೆ ಎಲ್ಲೋ ಆಳದಿಂದ ಒಂದು ತೆಳು ಸಿಳ್ಳು ಏಳುತ್ತದೆ, ಏರುತ್ತದೆ, ಸೀಟು ಬೆನ್ನನ್ನು ಒತ್ತತೊಡಗುತ್ತದೆ. ಕಾಲು ಎತ್ತಿದರೆ ಉಸ್ಸೆಂದು ನಿಟ್ಟುಸಿರು. ಹೊಗೆಯ ದಾರಿಯಲ್ಲಿ ಚಕ್ರ ಅಡ್ಡ ನಿಂತಿರುವುದರಿಂದ ಸೈಲೆನ್ಸರಿನ ಗುಡುಗು ಮೆತ್ತಗಾಗುತ್ತದೆ. ಆ ಸದ್ದಿನ ಅಂಚು ಹೋಗಿ ಸಿಳ್ಳು ಬರುತ್ತದೆ. ಕೊಟ್ಟು ತೆಗೆದುಕೊಳ್ಳುವ ವ್ಯಾಪಾರ. ಬಿಎಂಡಬ್ಲ್ಯೂ 1973ರಲ್ಲಿ ತನ್ನ 2002 ಟರ್ಬೊದ ಮುಂದಿನ ಸ್ಪಾಯ್ಲರಿನ ಮೇಲೆ ಟರ್ಬೊ ಎಂದು ತಿರುಗುಮುರುಗಾಗಿ ಬರೆಸಿತ್ತು, ಮುಂದಿನ ಕಾರಿನವನು ಕನ್ನಡಿಯಲ್ಲಿ ನೇರವಾಗಿ ಓದಿ ಪಕ್ಕಕ್ಕೆ ಸರಿಯಲಿ ಎಂದು. ಎರಡು ಲೀಟರಿಗೆ 170 ಅಶ್ವಶಕ್ತಿ. ಅದಕ್ಕೆ ತೆತ್ತ ಬೆಲೆ, ಕಂಪ್ರೆಷನ್ನನ್ನು 6.9ಕ್ಕೆ ಇಳಿಸಿದ್ದು. ಟರ್ಬೊ ಎಚ್ಚರವಾಗುವವರೆಗೆ ಆ ಕಾರು ಮಾಮೂಲಿ 2002ಕ್ಕಿಂತ ಮಂಕು, ಎಚ್ಚರವಾದ ಮೇಲೆ ಸ್ಟಿಯರಿಂಗ್ ಹಿಡಿದವನೇ ಎಚ್ಚರವಾಗಿರಬೇಕು.

ಕಂಪ್ರೆಷನ್ ಇಳಿಸುವುದೇಕೆಂದರೆ, ಒತ್ತಿದ ಗಾಳಿ ಬಿಸಿಯಾಗುತ್ತದೆ. ಬಿಸಿ ಗಾಳಿಯ ಮಿಶ್ರಣ ಸ್ಪಾರ್ಕಿನ ಜ್ವಾಲೆ ತಲುಪುವ ಮೊದಲೇ ತಾನೇ ಹೊತ್ತಿಕೊಂಡರೆ ಪಿಸ್ಟನ್ನಿನ ತಲೆಗೆ ಸುತ್ತಿಗೆ ಏಟು. ಗ್ಯಾರೇಜಿನಲ್ಲಿ ಇದನ್ನು ನಾಕಿಂಗ್ ಎನ್ನುತ್ತಾರೆ. ಹೆಡ್ ಗ್ಯಾಸ್ಕೆಟ್ ಹೋಗುವುದು, ರಿಂಗಿನ ಪಕ್ಕದ ಲೋಹ ಮುರಿಯುವುದು ಇದರಿಂದಲೇ. ಅದಕ್ಕೇ ನಡುವೆ ಇಂಟರ್‌ಕೂಲರ್ ಇಟ್ಟು ಗಾಳಿಯನ್ನು ತಣಿಸುವುದು, ಸ್ಪಾರ್ಕ್ ಟೈಮಿಂಗ್ ಹಿಂದಕ್ಕೆ ಸರಿಸುವುದು. ಕಾರ್ಬ್ಯುರೇಟರ್ ಇಟ್ಟುಕೊಂಡು ಟರ್ಬೊ ಮಾಡುವುದು ಇನ್ನೂ ನಾಜೂಕು: ಗಾಳಿಯ ಒತ್ತಡ ಏರಿದಂತೆ ಪೆಟ್ರೋಲಿನ ಒತ್ತಡವೂ ಏರದಿದ್ದರೆ ಮಿಶ್ರಣ ತೆಳುವಾಗಿ ಪಿಸ್ಟನ್ ಕರಗುತ್ತದೆ. ಈಗ ಬಂಕುಗಳಲ್ಲಿ ಸಿಗುವ ಇಪ್ಪತ್ತು ಪರ್ಸೆಂಟ್ ಎಥೆನಾಲ್ ಪೆಟ್ರೋಲಿನ ವಿಚಿತ್ರ ನೋಡಿ. ಹಳೆ ಕಾರಿನ ರಬ್ಬರ್ ಹೋಸು, ಡಯಾಫ್ರಮ್ಮುಗಳಿಗೆ ಅದು ಶತ್ರು, ಕಾರ್ಬ್ಯುರೇಟರಿನ ಜೆಟ್ ಬದಲಿಸದಿದ್ದರೆ ಮಿಶ್ರಣ ತೆಳು. ಅದೇ ಎಥೆನಾಲ್ ನಾಕಿಂಗನ್ನು ತಡೆಯುತ್ತದೆ, ಟರ್ಬೊದವರಿಗೆ ಮಿತ್ರ.

ಬಿ-ಸೀರೀಸಿಗೆ ಟರ್ಬೊ ಬೇಡವೇ ಬೇಡ ಎನ್ನುತ್ತೇನೆ. ಕ್ರ್ಯಾಂಕನ್ನು ಹಿಡಿದಿರುವುದು ಮೂರೇ ಮೇನ್ ಬೇರಿಂಗ್. ಅದರ ಆಯಕಟ್ಟು ಐವತ್ತು ಅಶ್ವಶಕ್ತಿಯ ಕಾಲದ್ದು. ವಯಸ್ಸಾದ ಮೇಲೆ ಎದೆಯ ಮೇಲೆ ಕಲ್ಲು ಹೇರಬಾರದು. ಇಸುಝು 1.8ಕ್ಕೆ ಮಾತ್ರ ಮಿತವಾಗಿ ಹಾಕಬಹುದು. ಹೊರಗಿನ ಗಾಳಿಯ ಒತ್ತಡದ ಮೇಲೆ 0.4 ಬಾರ್ ಸೇರಿಸಿದರೆ ಕಾಗದದ ಲೆಕ್ಕದಲ್ಲಿ 85 ಹೋಗಿ 119 ಆಗಬೇಕು. ಶಾಖ, ಟೈಮಿಂಗ್, ಸೈಲೆನ್ಸರಿನ ತಡೆ ಎಲ್ಲ ಕಳೆದು 110ರ ಹತ್ತಿರ ಸಿಕ್ಕರೆ ತೃಪ್ತಿಪಡಬೇಕು. ಕಡಿಮೆ ಅನ್ನಿಸುತ್ತದೆಯೇ? ಟರ್ಬೊ ಚಿಕ್ಕದಿದ್ದು ಎರಡು ಸಾವಿರಕ್ಕೇ ಎದ್ದರೆ, ತುಮಕೂರು ರಸ್ತೆಯಲ್ಲಿ ಲಾರಿ ದಾಟುವಾಗ ಟಾಪ್ ಗೇರಿನಲ್ಲಿ ಸಿಗುವ ಆ ಒಂದು ತಳ್ಳು ಹೊಸ ಕಾರುಗಳಿಗೂ ಮುಖ ತೋರಿಸಬಹುದಾದಂಥದ್ದು. ಮತ್ತೊಂದು ಸುಖ ಉಂಟು. ಊರು ಸೇರಿದ ಮೇಲೆ ಕೀಲಿ ತಿರುಗಿಸಿ ಇಳಿದುಬಿಡುವಂತಿಲ್ಲ. ಕಾದ ಬೇರಿಂಗಿನಲ್ಲಿ ಆಯಿಲ್ ಸುಟ್ಟು ಕರಿ ಕಟ್ಟದಂತೆ ಒಂದೆರಡು ನಿಮಿಷ ಐಡಲಿಂಗಿನಲ್ಲಿ ಬಿಡಬೇಕು. ಈ ಕಾಯುವಿಕೆಯನ್ನು ಕಿರಿಕಿರಿ ಎನ್ನುವವರು ಹಳೆಯ ಕಾರನ್ನು ಇಟ್ಟುಕೊಳ್ಳಲೇಬಾರದು.

ಯಕ್ಷಗಾನ ನೋಡುವವರಿಗೆ ವ್ಯತ್ಯಾಸ ಹೀಗೆ ಹೇಳಬಹುದು: ಟರ್ಬೊ ಎಂದರೆ ಅದೇ ಭಾಗವತರು ಶ್ರುತಿ ಏರಿಸಿ ಹಾಡಿದ್ದು, ಸ್ವಾಪ್ ಎಂದರೆ ಅದೇ ರಂಗಸ್ಥಳಕ್ಕೆ ಬೇರೆ ಭಾಗವತರು ಬಂದು ಕೂತದ್ದು. ವೇಷ ಅದೇ, ಪ್ರಸಂಗ ಅದೇ, ಆದರೆ ಆಟ ಬೇರೆ.

ಕಾಂಟೆಸ್ಸಾಕ್ಕೆ ಬರುವ ಆ ಬೇರೆ ಭಾಗವತರು ಸಾಮಾನ್ಯವಾಗಿ ಟೊಯೋಟಾ ಮನೆಯವರು. ಜಪಾನಿನಲ್ಲಿ ಗುಜರಿಗೆ ಹೋದ ಕಾರಿನ ಮುಂಭಾಗವನ್ನು ಕತ್ತರಿಸಿ, ಎಂಜಿನ್, ಗೇರ್‌ಬಾಕ್ಸ್, ವೈರಿಂಗ್ ಸಮೇತ ಕಳಿಸುತ್ತಾರೆ. ಅದಕ್ಕೆ ಹಾಫ್ ಕಟ್ ಎಂದೇ ಹೆಸರು. ಅದರೊಳಗೆ 1ಜೆಝಡ್ ಅಥವಾ 2ಜೆಝಡ್, ಸಾಲಾಗಿ ನಿಂತ ಆರು ಸಿಲಿಂಡರ್. ವೆಂಟೋರಾದ ಆರು ಕೂತಿದ್ದ ಜಾಗಕ್ಕೆ ಮತ್ತೆ ಆರು. ಈ ಮೈಗೆ ಅದು ಹೊರಗಿನದಲ್ಲ ಎಂಬುದು ನನ್ನ ವಾದದ ಬೇರು.

ಸಾಲಾರು ಎಂಜಿನ್ನಿನ ರುಚಿಯನ್ನು ಮಾತಿನಲ್ಲಿ ಹಿಡಿಯುವುದು ಕಷ್ಟ, ಲೆಕ್ಕದಲ್ಲಿ ಸುಲಭ. ನಾಲ್ಕು ಸಿಲಿಂಡರಿನಲ್ಲಿ ಪಿಸ್ಟನ್ನುಗಳು ಮೇಲೆ ಹೋಗುವ ವೇಗಕ್ಕೂ ಕೆಳಗೆ ಬರುವ ವೇಗಕ್ಕೂ ಇರುವ ಸಣ್ಣ ವ್ಯತ್ಯಾಸ ಉಳಿದುಹೋಗಿ, ಕ್ರ್ಯಾಂಕ್ ಒಂದು ಸುತ್ತು ಬರುವಷ್ಟರಲ್ಲಿ ಎರಡು ಸಲ ನಡುಗುತ್ತದೆ. ಸಾಲಿನಲ್ಲಿ ಆರಿದ್ದರೆ ಒಂದರ ನಡುಕವನ್ನು ಇನ್ನೊಂದು ತಿಂದುಹಾಕುತ್ತದೆ, ಏನೂ ಉಳಿಯುವುದಿಲ್ಲ. ಯಾವ ಟರ್ಬೊವೂ ಕೊಡಲಾಗದ ವಸ್ತು ಇದು. ಎಷ್ಟು ಗಾಳಿ ತುರುಕಿದರೂ ನಾಲ್ಕು ನಾಲ್ಕೇ. ಐಡಲಿಂಗಿನಲ್ಲಿ ಡ್ಯಾಶ್‌ಬೋರ್ಡಿನ ಮೇಲಿಟ್ಟ ಗಣಪತಿ ಅಲ್ಲಾಡುವುದಿಲ್ಲ.

ಸೋಮೇಶ್ವರದಿಂದ ಆಗುಂಬೆಗೆ ಹತ್ತುವ ಹದಿನಾಲ್ಕು ತಿರುವುಗಳಲ್ಲಿ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಹೇರ್‌ಪಿನ್ ತಿರುವಿನಲ್ಲಿ ಕಾರು ಎರಡನೇ ಗೇರಿನಲ್ಲಿ, ಎಂಜಿನ್ ಸಾವಿರದ ಐನೂರಕ್ಕೆ ಇಳಿದಿದೆ, ಮೇಲಿನಿಂದ ಬಸ್ಸು ಬರುತ್ತಿದೆ. ಟರ್ಬೊ ಕಾರಿನವನು ಈಗ ಊಹೆ ಮಾಡಬೇಕು: ಇಷ್ಟು ಒತ್ತಿದರೆ ಇನ್ನೊಂದು ಕ್ಷಣಕ್ಕೆ ಎಷ್ಟು ಬರುತ್ತದೆ? ಬಂದಾಗ ಚಕ್ರ ನೆಟ್ಟಗಿರುತ್ತದೆಯೇ? ಒದ್ದೆ ರಸ್ತೆಯಲ್ಲಿ ಹಿಂದಿನ ಟೈರ್ ಜಾರುವುದು ಈ ಲೆಕ್ಕ ತಪ್ಪಿದಾಗಲೇ. ಟರ್ಬೊ ಇಲ್ಲದ ಮೂರು ಲೀಟರಿನ ಆರು ಸಿಲಿಂಡರಿಗೆ ಊಹೆ ಬೇಡ. ಹೆಬ್ಬೆರಳು ಎಷ್ಟು ಇಳಿಯಿತೋ ಅಷ್ಟು, ಆ ಕ್ಷಣಕ್ಕೇ. ತಿರುವಿನಿಂದ ಕಾರು ಮೇಲೇಳುವುದು ಬಸ್ಸಿನ ಪಕ್ಕ ಹಾದು ಹೋದ ಮೇಲೆ ಗೊತ್ತಾಗುವಷ್ಟು ಸಲೀಸು. ಕಾಂಟೆಸ್ಸಾದಂಥ ಅಗಲ ಸೀಟಿನ, ಅವಸರವಿಲ್ಲದ ಕಾರಿಗೆ ಹೊಂದುವ ಶಕ್ತಿ ಇದು.

ಇಲ್ಲಿ ಸ್ವಾಪಿನವರಲ್ಲೇ ಬಹುಮಂದಿಯ ಜೊತೆ ನನಗೆ ಜಗಳ. ಅವರಿಗೆ ಬೇಕಾದದ್ದು ಆರರ ಮೇಲೆ ಟರ್ಬೊ ಕೂಡ ಇರುವ 1ಜೆಝಡ್-ಜಿಟಿಇ: ಎರಡೂವರೆ ಲೀಟರ್, 280 ಅಶ್ವಶಕ್ತಿ, 37 ಕೆಜಿ-ಮೀಟರ್ ಟಾರ್ಕ್. ಇಸುಝು ಕೊಡುತ್ತಿದ್ದದ್ದು ಹದಿಮೂರು ಹದಿನಾಲ್ಕು. ಅಂದರೆ ಗೇರ್‌ಬಾಕ್ಸ್ ಹೊಸದು ಬಂದರೂ ಪ್ರೊಪೆಲ್ಲರ್ ಶಾಫ್ಟ್, ಯು-ಜಾಯಿಂಟ್, ಡಿಫರೆನ್ಷಿಯಲ್, ಹಿಂದಿನ ಆಕ್ಸಲ್ ಎಲ್ಲಕ್ಕೂ ಎರಡೂವರೆ ಪಟ್ಟಿಗಿಂತ ಹೆಚ್ಚು ಹೊರೆ. ಅವನ್ನೂ ಬದಲಿಸಿದರೆ ಬ್ರೇಕು, ಬ್ರೇಕಾದ ಮೇಲೆ ಸಸ್ಪೆನ್ಷನ್, ಅಷ್ಟರಲ್ಲಿ ಮೂತಿಯ ಮೇಲೆ ಕಬ್ಬಿಣದ ಉದ್ದ ಬ್ಲಾಕಿನ ಭಾರ. ಕೊನೆಗೆ ಕಾಂಟೆಸ್ಸಾದ್ದು ಎಂದು ಉಳಿಯುವುದು ಬಾಗಿಲು, ಗ್ರಿಲ್ಲು. ಅಂಥ ಕಾರಿನ ಬಗ್ಗೆ ಗೌರವ ಇದೆ, ಲೇತ್ ಕೆಲಸ ನೋಡಿ ಕಣ್ಣು ತುಂಬಿಕೊಳ್ಳುತ್ತೇನೆ, ಆದರೆ ಆಸೆಪಡುವುದಿಲ್ಲ.

ಕಾಗದದ ಕೆಲಸವೂ ಇದೆ. ಎಂಜಿನ್ ನಂಬರ್ ಆರ್‌ಸಿಯಲ್ಲಿ ಬರೆದಿರುತ್ತದೆ. ಬದಲಿಸಲು ಆರ್‌ಟಿಒ ಒಪ್ಪಿಗೆ ಬೇಕು. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಹದಿನೈದು ವರ್ಷ ದಾಟಿದ ಕಾರನ್ನು ಮರುನೋಂದಣಿಗೆ ಒಯ್ದಾಗ ಇನ್‌ಸ್ಪೆಕ್ಟರು ಬಾನೆಟ್ ಎತ್ತಿ ಟಾರ್ಚ್ ಹಿಡಿದು ನಂಬರ್ ಹುಡುಕುವ ಆ ಗಳಿಗೆಯಲ್ಲಿ ಸ್ವಾಪಿನ ರುಚಿ ಯಾರಿಗೂ ನೆನಪಿರುವುದಿಲ್ಲ. ಟರ್ಬೊ ಹಾಕಿದ್ದೂ ಮಾರ್ಪಾಡೇ, ಅದಕ್ಕೂ ನಿಯಮ ತಪ್ಪಿದ್ದಲ್ಲ. ಒಂದು ವ್ಯತ್ಯಾಸ ಮಾತ್ರ ಇದೆ. ಟರ್ಬೊವನ್ನು ಬಿಚ್ಚಬಹುದು. ಹಳೆಯ ಮ್ಯಾನಿಫೋಲ್ಡ್, ಕಾರ್ಬ್ಯುರೇಟರ್ ಜೋಪಾನವಾಗಿಟ್ಟಿದ್ದರೆ ಎರಡು ದಿನದಲ್ಲಿ ಕಾರು ಕಾರ್ಖಾನೆಯಿಂದ ಬಂದಂತೆ ನಿಲ್ಲುತ್ತದೆ. ಕತ್ತರಿಸಿದ ಕ್ರಾಸ್‌ಮೆಂಬರನ್ನು, ಬಡಿದ ತಗಡನ್ನು ಹಾಗೆ ಹಿಂದಕ್ಕೆ ತರಲಾಗದು.

2002ಕ್ಕೆ ಕಾಂಟೆಸ್ಸಾ ತಯಾರಿಕೆಯೇ ನಿಂತಿತು. ಒಳ್ಳೆಯ ಸ್ಥಿತಿಯ, ಮೂಲ ಎಂಜಿನ್ನೇ ಇರುವ ಕ್ಲಾಸಿಕ್ ನಿಮ್ಮಲ್ಲಿದ್ದರೆ ಅದಕ್ಕೆ ಗರಗಸ ಇಡಬೇಡಿ. 0.4 ಬಾರಿನ ಸಣ್ಣ ಟರ್ಬೊ, ಅದೂ ಬೇಕೆನಿಸಿದರೆ. 1.5ರ ಕಾರಾದರೆ ಗುಜರಿಗೆ ಹೋದ ಇನ್ನೊಂದು ಕಾಂಟೆಸ್ಸಾದಿಂದ ಇಸುಝು 1.8ನ್ನು ಅದರ ಐದು ಗೇರಿನ ಸಮೇತ ತಂದು ಕೂರಿಸಿ. ಕಾರ್ಖಾನೆಯೇ ಹಾಕಿದ ದಾರಿ ಅದು. ಆರು ಸಿಲಿಂಡರಿನ ಆಸೆ ತೀರಿಸಿಕೊಳ್ಳಲು ತಕ್ಕದ್ದು ಎಂಜಿನ್ ಆಗಲೇ ಕಳೆದುಕೊಂಡು ಶೆಡ್ಡಿನಲ್ಲಿ ಕೂತಿರುವ ಕಾರು, ಅದಕ್ಕೂ ಟರ್ಬೊ ಇಲ್ಲದ ಆರು. ಅನುಮತಿಯ ಕಾಗದ ಮೊದಲು, ಹಾಫ್ ಕಟ್ಟಿಗೆ ಮುಂಗಡ ಆಮೇಲೆ. ಮೇಸ್ತ್ರಿ “ಸಾರ್, ಇಷ್ಟೆಲ್ಲ ಮಾಡಿ ಟರ್ಬೊ ಬಿಡೋದಾ?” ಎಂದು ಕೇಳಿಯೇ ಕೇಳುತ್ತಾರೆ. ಆ ಟರ್ಬೊದ ದುಡ್ಡನ್ನು ಮುಂದಿನ ಬ್ರೇಕ್ ಡಿಸ್ಕಿಗೂ ದೊಡ್ಡ ರೇಡಿಯೇಟರಿಗೂ ಹಾಕಿ ಎನ್ನಿ.